ಈ ವಾರದ ಪಂದ್ಯಗಳು: ನರೋಡಾದಿಂದ ಕೆಲವು ಟಿಪ್ಪಣಿಗಳು

1
ಅಹಮದಾಬಾದಿನ ನರೋಡಾದ ಚಹಾದಂಗಡಿಗಳಲ್ಲಿ ಪತ್ರಿಕೆಯ ಹಾಳೆಗಳು ಬಿಡಿಬಿಡಿಯಾಗಿ ಕೈಯಿಂದ ಕೈಗೆ ಹೋಗುತ್ತವೆ. ಆಟದ ಪುಟ ಸಿಗುವುದು ತಡವಾಗಿ. ಮುಕ್ಕಾಲು ಪುಟ ಕ್ರಿಕೆಟ್. ಫುಟ್‌ಬಾಲ್‌ಗೆ ಉಳಿದ ಮೂಲೆಯಲ್ಲಿ ಮ್ಯಾಂಚೆಸ್ಟರ್, ಮ್ಯಾಡ್ರಿಡ್. ಇದೇ ಊರಿನ ಕಾಲೇಜು ತಂಡಗಳು ನಾಳೆ ಯಾರ ಮೇಲೆ ಆಡುತ್ತವೆ ಎಂಬುದು ಅಲ್ಲಿ ಇರುವುದಿಲ್ಲ.

2
ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಕಾಲೇಜು ಫುಟ್‌ಬಾಲ್‌ನಲ್ಲಿ ಮೂರನೆಯ ಡಿವಿಷನ್ ಎಂಬುದೊಂದಿದೆ. ಅಲ್ಲಿನದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಹೆಲ್ಮೆಟ್ ತೊಟ್ಟು ಎದುರಾಳಿಯನ್ನು ಕೆಡವುವ ಆಟ. ಈ ಡಿವಿಷನ್ ಶುರುವಾದದ್ದು 1973ರಲ್ಲಿ. ಸುಮಾರು 240 ಕಾಲೇಜುಗಳು ಆಡುತ್ತವೆ. ಆಟ ಚೆನ್ನಾಗಿ ಆಡುತ್ತಾನೆ ಎಂಬ ಕಾರಣಕ್ಕೆ ಯಾರಿಗೂ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಪಂದ್ಯ ಸಾಮಾನ್ಯವಾಗಿ ಶನಿವಾರ. ಅದಕ್ಕೂ ಮೊದಲೇ, ವಾರದ ನಡುವೆ, ಯಾರ ಮೇಲೆ ಯಾರು ಎಂಬ ಬರಹ, ಅಂದರೆ ಮುನ್ನೋಟ, ಬಂದಿರುತ್ತದೆ.

3
ಆ ಬರಹಕ್ಕೆ ಒಂದು ಕಟ್ಟು ಇದೆ. ಎರಡು ತಂಡ, ಊರು, ಸಮಯ. ಈ ವರ್ಷ ಗೆದ್ದದ್ದೆಷ್ಟು, ಸೋತದ್ದೆಷ್ಟು. ಕಳೆದ ವರ್ಷ ಇದೇ ಜೋಡಿ ಆಡಿದಾಗ ಏನಾಯಿತು. ಕಣ್ಣಿಡಬೇಕಾದ ಒಬ್ಬ ಹುಡುಗ. ಕೊನೆಗೆ ಬರೆದವರ ಊಹೆ, ಅಂಕಗಳ ಸಮೇತ.

4
ಒಂದೆರಡು ಸಾವಿರ ವಿದ್ಯಾರ್ಥಿಗಳ ಕಾಲೇಜು. ಅದರ ಎರಡನೆಯ ವರ್ಷದ ಹುಡುಗನೊಬ್ಬನ ಮಂಡಿನೋವು ವಾಸಿಯಾಯಿತೇ ಎಂಬುದರ ಬಗ್ಗೆ ಒಂದು ಇಡೀ ಪ್ಯಾರಾ.

5
ಇಂಡಿಯಾನಾ ರಾಜ್ಯದಲ್ಲಿ ವಾಬಾಷ್ ಮತ್ತು ಡಿಪಾ ಎಂಬ ಎರಡು ಕಾಲೇಜುಗಳಿವೆ. ನಡುವಿನ ದೂರ ಸುಮಾರು 45 ಕಿಲೋಮೀಟರ್. 1890ರಿಂದ ಒಂದರ ಮೇಲೊಂದು ಆಡುತ್ತಿವೆ. ಗೆದ್ದವರಿಗೆ ಕಪ್ ಇಲ್ಲ, ಗಂಟೆ ಇದೆ. ರೈಲು ಎಂಜಿನ್ನಿನಿಂದ ಬಿಚ್ಚಿ ತಂದದ್ದು, ಮೊನಾನ್ ರೈಲ್ವೆಯದು, ತೂಕ 130 ಕಿಲೋ ಮೀರುತ್ತದೆ. 1932ರಿಂದ ಗೆದ್ದ ಕಾಲೇಜು ಅದನ್ನು ಹೊತ್ತೊಯ್ಯುತ್ತದೆ. ಆ ರೈಲ್ವೆ ಕಂಪನಿ ಈಗಿಲ್ಲ. ಗಂಟೆ ಈ ವರ್ಷ ಯಾರ ಹತ್ತಿರ ಇದೆ ಎಂಬುದನ್ನು ಹೇಳದೆ ಆ ಪಂದ್ಯದ ಮುನ್ನೋಟ ಶುರುವಾಗುವುದಿಲ್ಲ.

6
ವಾಷಿಂಗ್ಟನ್‌ನ ಗ್ಯಾಲೊಡೆಟ್ ವಿಶ್ವವಿದ್ಯಾಲಯ ಕಿವುಡ ವಿದ್ಯಾರ್ಥಿಗಳದ್ದು. ಅದೂ ಮೂರನೆಯ ಡಿವಿಷನ್. ಆಟಗಾರರು ಕೈಸನ್ನೆಯಲ್ಲಿ ಮಾತಾಡುತ್ತಾರೆ. 1890ರ ದಶಕದಲ್ಲಿ ಅಲ್ಲಿನ ಪಾಲ್ ಹಬರ್ಡ್ ಎಂಬ ಆಟಗಾರ, ತಮ್ಮ ಸನ್ನೆ ಎದುರಾಳಿಗೆ ಕಾಣದಿರಲೆಂದು ತಂಡವನ್ನು ವೃತ್ತವಾಗಿ ನಿಲ್ಲಿಸಿದ ಎನ್ನುತ್ತಾರೆ. ಇಂದು ಕಿವಿ ಕೇಳುವ ತಂಡಗಳೂ ಹಾಗೆ ವೃತ್ತವಾಗಿಯೇ ನಿಲ್ಲುತ್ತವೆ.

7
2023ರಲ್ಲಿ ಅದೇ ತಂಡದ ಆಟಗಾರನೊಬ್ಬ ಹೊಸ ಬಗೆಯ ಹೆಲ್ಮೆಟ್ ತೊಟ್ಟು ಆಡಿದ. ಕೋಚ್ ಕಳಿಸುವ ಸೂಚನೆ ಕಣ್ಣಿನ ಮುಂದಿನ ಪುಟ್ಟ ಗಾಜಿನಲ್ಲಿ ಅಕ್ಷರವಾಗಿ ಮೂಡುತ್ತದೆ. ಮೊದಲಿಗೆ ಅನುಮತಿ ಸಿಕ್ಕಿದ್ದು ಒಂದೇ ಒಂದು ಪಂದ್ಯಕ್ಕೆ.

8
ಮಿನೆಸೋಟದ ಸೇಂಟ್ ಜಾನ್ಸ್ ಕಾಲೇಜಿನ ಕೋಚ್ ಜಾನ್ ಗಲ್ಯಾರ್ಡಿ. 1953ರಿಂದ 2012ರವರೆಗೆ ಅದೇ ಕಾಲೇಜು. ಮೊದಲು ಬೇರೆ ಕಡೆ ಇದ್ದ ವರ್ಷಗಳನ್ನೂ ಸೇರಿಸಿದರೆ 489 ಗೆಲುವು. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಯಾವ ಕೋಚೂ ಇಷ್ಟು ಗೆದ್ದಿಲ್ಲ, ದೊಡ್ಡ ಡಿವಿಷನ್‌ನವರೂ ಸೇರಿ. ಅಭ್ಯಾಸದಲ್ಲಿ ಅವರು ಸೀಟಿ ಊದುತ್ತಿರಲಿಲ್ಲ. ಒಬ್ಬರನ್ನೊಬ್ಬರು ಕೆಡವುವುದಕ್ಕೂ ಬಿಡುತ್ತಿರಲಿಲ್ಲ. ಹುಡುಗರು ಅವರನ್ನು ‘ಕೋಚ್’ ಎನ್ನದೆ ‘ಜಾನ್’ ಎನ್ನಬೇಕಿತ್ತು. ನಮ್ಮ ಕಾಲೇಜುಗಳ ಪಿ.ಡಿ. ಸರ್‌ಗಳನ್ನು ಹೀಗೆ ಹೆಸರು ಹಿಡಿದು ಕರೆಯುವುದನ್ನು ಎಷ್ಟು ಪ್ರಯತ್ನಿಸಿದರೂ ಊಹಿಸಲಾಗಲಿಲ್ಲ.

9
2005ರಿಂದ 2011ರವರೆಗೆ ಈ ಡಿವಿಷನ್‌ನ ಏಳು ಫೈನಲ್‌ಗಳಲ್ಲಿಯೂ ಅದೇ ಎರಡು ತಂಡ: ಒಹಾಯೊದ ಮೌಂಟ್ ಯೂನಿಯನ್, ವಿಸ್ಕಾನ್ಸಿನ್‌ನ ವೈಟ್‌ವಾಟರ್. ಅದೇ ಊರು, ವರ್ಜೀನಿಯಾದ ಸೇಲಂ. ಮೂರು ಬಾರಿ ಮೊದಲನೆಯವರು, ನಾಲ್ಕು ಬಾರಿ ಎರಡನೆಯವರು. ಏಳನೆಯ ವರ್ಷವೂ ಯಾರೋ ಕೂತು ಹೊಸದಾಗಿ ಮುನ್ನೋಟ ಬರೆದಿದ್ದಾರೆ.

10
ಅಲ್ಲಿ ಒಂದು ತಂಡಕ್ಕೆ ಋತುವಿಗೆ ಹತ್ತು ಪಂದ್ಯ. ವಾರಕ್ಕೊಂದು. ಪಂದ್ಯಕ್ಕೂ ಪಂದ್ಯಕ್ಕೂ ನಡುವೆ ಆರು ದಿನ. ಎದುರಾಳಿಗಳಲ್ಲಿ ಹೆಚ್ಚಿನವರು ಪ್ರತಿ ವರ್ಷ ಆಡುವ ನೆರೆಯ ಕಾಲೇಜುಗಳೇ.

11
ಇಲ್ಲಿ ಹೀಗಿದೆ. ಕಾಲೇಜುಗಳ ನಡುವಿನ ಪಂದ್ಯಾವಳಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಅದರಿಂದ ವಿಶ್ವವಿದ್ಯಾಲಯದ ತಂಡ ಆರಿಸುತ್ತಾರೆ. ಆ ತಂಡ ಝೋನ್ ಪಂದ್ಯಾವಳಿಗೆ ರೈಲು ಹತ್ತುತ್ತದೆ. ಗುಜರಾತ್ ವಿಶ್ವವಿದ್ಯಾಲಯ ಪಶ್ಚಿಮ ಝೋನ್, ಬೆಂಗಳೂರು ವಿಶ್ವವಿದ್ಯಾಲಯ ದಕ್ಷಿಣ ಝೋನ್. ಎರಡೂ ತಂತಮ್ಮ ಝೋನ್ ದಾಟಿದರೆ ಮಾತ್ರ ಅಖಿಲ ಭಾರತ ಮಟ್ಟದಲ್ಲಿ ಮುಖಾಮುಖಿ. ಅಲ್ಲಿ ಗೆದ್ದವರಿಗೆ ಸರ್ ಅಶುತೋಷ್ ಮುಖರ್ಜಿ ಹೆಸರಿನ ಟ್ರೋಫಿ.

12
ನಾಕೌಟ್‌ನಲ್ಲಿ ಇವತ್ತು ಸಂಜೆ ಗೆದ್ದ ತಂಡ ನಾಳೆ ಬೆಳಗ್ಗೆಯೇ ಆಡಬೇಕಾಗಬಹುದು. ಯಾರ ಮೇಲೆ ಎಂಬುದು ರಾತ್ರಿ ತಿಳಿಯುತ್ತದೆ. ಮುನ್ನೋಟ ಬರೆಯುವವರಿದ್ದರೂ ಬರೆಯುವ ಹೊತ್ತು ಯಾವುದು?

13
ಡ್ರಾ ಹಾಳೆಯನ್ನು ಗೋಡೆಗೆ ಅಂಟಿಸುತ್ತಾರೆ. ಅದರಲ್ಲಿ ತಂಡಗಳ ಹೆಸರು, ಗೆರೆಗಳು, ಕೆಲವು ಕಡೆ ‘ಬೈ’. ಮಧ್ಯಾಹ್ನದ ಹೊತ್ತಿಗೆ ಪೆನ್ನಿನಲ್ಲಿ ‘ವಾಕೋವರ್’ ಎಂದು ಸೇರಿರುತ್ತದೆ. ಬಾರದ ತಂಡ ಏಕೆ ಬರಲಿಲ್ಲ ಎಂದು ಆ ಹಾಳೆ ಹೇಳುವುದಿಲ್ಲ. ಪರೀಕ್ಷೆ ಇರಬಹುದು. ರೈಲ್ವೆ ಟಿಕೆಟ್ ಸಿಗದೆ ಇರಬಹುದು.

14
ಇಲ್ಲಿನ ಹುಡುಗನೊಬ್ಬನನ್ನು ಎದುರಾಳಿಯ ಬಗ್ಗೆ ಏನು ಗೊತ್ತು ಎಂದು ಕೇಳಿದೆ. “ಕಾಕಾ, ಅವರ ಹತ್ತನೇ ನಂಬರ್‌ನವನು ಎಡಗಾಲಿನವನು. ಬಲಕ್ಕೆ ತಿರುಗಿಸಿಬಿಟ್ಟರೆ ಸಾಕು” ಎಂದ. ಹೇಗೆ ಗೊತ್ತಾಯಿತು ಎಂದೆ. ಇಬ್ಬರೂ ಒಂದೇ ಸ್ಕೂಲಂತೆ. ಮುನ್ನೋಟ ಇಲ್ಲಿಯೂ ಇದೆ, ಬಾಯಲ್ಲಿ.

15
ಇನ್ನು ಬೆಂಗಳೂರು. ಅಲ್ಲಿನ ಫುಟ್‌ಬಾಲ್ ಲೀಗಿನ ವೇಳಾಪಟ್ಟಿ, ತಂಡಗಳ ಹೆಸರು ನೋಡಿದರೆ, ಸರ್ಕಾರಿ ಕಚೇರಿಗಳ ಪಟ್ಟಿಯಂತೆ ಕಾಣುತ್ತಿತ್ತು. ಎಚ್‌ಎಎಲ್ ವಿಮಾನ ಮಾಡುತ್ತದೆ. ಐಟಿಐ ಟೆಲಿಫೋನ್ ಮಾಡುತ್ತಿತ್ತು. ಬಿಇಎಂಎಲ್ ಮಣ್ಣು ಎತ್ತುವ ಯಂತ್ರ. ಎಲ್‌ಆರ್‌ಡಿಇ ರಾಡಾರ್. ಎಎಸ್‌ಸಿ ಸೇನೆಗೆ ದಿನಸಿ ಒದಗಿಸುವ ದಳ. ಎಂಇಜಿ ಸೇತುವೆ ಕಟ್ಟುವ ದಳ. ಎಜಿಒಆರ್‌ಸಿ ಎಂದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವವರು. ಸೂಪರ್ ಡಿವಿಷನ್ ಕೆಳಗೆ ಎ, ಬಿ, ಸಿ ಎಂದು ಡಿವಿಷನ್‌ಗಳು. ಮೈದಾನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ.

16
ಬೆಂಗಳೂರಿನ ಪತ್ರಿಕೆಗಳಲ್ಲಿ ಈ ಲೀಗಿಗೆ ಸಿಗುತ್ತಿದ್ದ ಮುನ್ನೋಟ ‘ಇಂದಿನ ಪಂದ್ಯಗಳು’ ಎಂಬ ತಲೆಬರಹದ ಕೆಳಗೆ ಒಂದೇ ಸಾಲು. ಎರಡು ತಂಡ, ಒಂದು ಹೊತ್ತು. ಆ ಸಾಲನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಮೈದಾನಕ್ಕೆ ಹೋಗುವವರಿದ್ದರು.

17
1937ರಲ್ಲಿ ಮುಂಬಯಿಯ ರೋವರ್ಸ್ ಕಪ್ ಫುಟ್‌ಬಾಲ್ ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ. ಅದಕ್ಕೆ ಮೊದಲು ಆ ಕಪ್ಪಿನ ಮೇಲೆ ಬ್ರಿಟಿಷ್ ಸೇನಾ ತುಕಡಿಗಳ ಹೆಸರೇ ಇತ್ತು. ಮರುವರ್ಷವೂ ಗೆದ್ದರು. 1948ರಲ್ಲಿ ಮತ್ತೆ ಗೆದ್ದರು.

18
ರಾಜ್ಯ ತಂಡಗಳ ಸಂತೋಷ್ ಟ್ರೋಫಿಯಲ್ಲಿ ಮೈಸೂರು ಗೆದ್ದದ್ದು 1946-47, 1952-53, 1967-68, 1968-69ರಲ್ಲಿ. ಆಮೇಲೆ ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲ ಗೆಲುವು ಬರಲು 2023ರ ಮಾರ್ಚ್ 4ರವರೆಗೆ ಕಾಯಬೇಕಾಯಿತು. 54 ವರ್ಷ.

19
ಆ ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ, ಕಿಂಗ್ ಫಹದ್ ಸ್ಟೇಡಿಯಂನಲ್ಲಿ. ಎದುರಾಳಿ ಮೇಘಾಲಯ. 3-2. ಗೋಲು ಹೊಡೆದವರು ಸುನಿಲ್ ಕುಮಾರ್, ಬೇಕೆ ಓರಂ, ರಾಬಿನ್ ಯಾದವ್. ಮರುದಿನ ಈ ಹೆಸರುಗಳು ಪತ್ರಿಕೆಗಳಲ್ಲಿದ್ದವು. ಹಿಂದಿನ ದಿನ ಇವರಲ್ಲಿ ಒಬ್ಬರನ್ನಾದರೂ ಗುರುತಿಸಬಲ್ಲ ಓದುಗರು ಎಷ್ಟಿದ್ದರು?

20
ಎಸ್‌ಸಿ ಬೆಂಗಳೂರು ಎಂಬ ತಂಡ 2022-23ರಲ್ಲಿ ಊರಿನ ಸೂಪರ್ ಡಿವಿಷನ್ ಗೆದ್ದಿತು. 2023ರಲ್ಲಿ ಐ-ಲೀಗ್ 3 ಗೆದ್ದಿತು. 2023-24ರಲ್ಲಿ ಐ-ಲೀಗ್ 2 ಗೆದ್ದಿತು. 2024-25ರಲ್ಲಿ ಐ-ಲೀಗ್ ಆಡಿ ಮತ್ತೆ ಕೆಳಗಿಳಿಯಿತು. ಇಷ್ಟೂ ನಡೆದದ್ದು ಒಬ್ಬ ಹುಡುಗ ಡಿಗ್ರಿಗೆ ಸೇರಿ ಮುಗಿಸುವಷ್ಟು ಕಾಲದಲ್ಲಿ.

21
ಅಹಮದಾಬಾದಿನ ಎಆರ್‌ಎ ಎಂಬ ಫುಟ್‌ಬಾಲ್ ಕ್ಲಬ್ಬಿನ ಪೂರ್ಣ ಹೆಸರು ಅಹಮದಾಬಾದ್ ರ‍್ಯಾಕೆಟ್ ಅಕಾಡೆಮಿ. ಈ ಆಟದಲ್ಲಿ ರ‍್ಯಾಕೆಟ್ ಇಲ್ಲ. ಐ-ಲೀಗ್ ಎರಡನೆಯ ಡಿವಿಷನ್‌ನಲ್ಲಿ ಆಡಿದ ತಂಡ ಅದು. 2021ರ ಅಕ್ಟೋಬರಿನಲ್ಲಿ ಐ-ಲೀಗ್ ಅರ್ಹತಾ ಪಂದ್ಯಗಳಿಗೆಂದು ಬೆಂಗಳೂರಿಗೆ ಹೋಗಿತ್ತು. ಗುಜರಾತಿನ ತಂಡದ ಬಗ್ಗೆ ಓದಬೇಕಾದರೆ ಆಗ ಬೆಂಗಳೂರಿನ ಪತ್ರಿಕೆ ನೋಡಬೇಕಿತ್ತು.

22
ಕಾಂಕರಿಯಾ ಕೆರೆಯ ಹತ್ತಿರ ಇಕೆಎ ಅರೆನಾ ಇದೆ, 20,000 ಜನ ಕೂರುವಂಥದ್ದು. 2016ರಲ್ಲಿ ಕಬಡ್ಡಿ ವಿಶ್ವಕಪ್ ಅಲ್ಲಿ ನಡೆಯಿತು. ಭಾರತ ಇರಾನನ್ನು ಸೋಲಿಸಿತು. 2019ರ ಜುಲೈ 7ರಂದು ಅದೇ ಜಾಗದಲ್ಲಿ ಭಾರತ ತಜಕಿಸ್ತಾನದ ಮೇಲೆ ಫುಟ್‌ಬಾಲ್ ಆಡಿತು. ಸುನಿಲ್ ಛೆಟ್ರಿ ಎರಡು ಗೋಲು. ಮೊದಲರ್ಧದಲ್ಲಿ 2-0 ಮುಂದೆ. ಕೊನೆಗೆ 2-4. 2022ರ ರಾಷ್ಟ್ರೀಯ ಕ್ರೀಡಾಕೂಟದ ಫುಟ್‌ಬಾಲ್ ಫೈನಲ್‌ನಲ್ಲಿ ಬಂಗಾಳ ಕೇರಳಕ್ಕೆ ಐದು ಗೋಲು ಹೊಡೆಯಿತು. ಉತ್ತರ ಬರಲಿಲ್ಲ. ಈ ಎರಡು ಫಲಿತಾಂಶಗಳನ್ನು ಮೊದಲೇ ಬರೆದಿಟ್ಟವರಿದ್ದರೆ ನೋಡಬೇಕು ಅನ್ನಿಸುತ್ತದೆ.

23
2024ರ ಮೇ ತಿಂಗಳಲ್ಲಿ ಗುಜರಾತ್ ಸೂಪರ್ ಲೀಗ್ ಶುರುವಾಯಿತು. ಆರು ತಂಡ. ಒಂದು ಅಹಮದಾಬಾದ್ ಅವೆಂಜರ್ಸ್, ಇನ್ನೊಂದು ಕರ್ಣಾವತಿ ನೈಟ್ಸ್. ಕರ್ಣಾವತಿ ಎಂಬುದು ಇದೇ ಊರಿನ ಹಳೆಯ ಹೆಸರು. ಪಂದ್ಯಗಳೆಲ್ಲ ಅದೇ ಅರೆನಾದಲ್ಲಿ. ಇವೆರಡು ಆಡುವಾಗ ಊರಿನವರು ಯಾವ ಕಡೆ ಕೂರುತ್ತಾರೆ?

24
ಕರ್ಣಾವತಿ ಕಟ್ಟಿದವನು ಸೋಲಂಕಿ ದೊರೆ ಕರ್ಣದೇವ.

25
1966ರಲ್ಲಿ ನರೋಡಾದಲ್ಲಿ ಧೀರೂಭಾಯಿ ಅಂಬಾನಿ ಬಟ್ಟೆ ಗಿರಣಿ ಹಾಕಿದರು. ‘ವಿಮಲ್’ ಬಟ್ಟೆ ಇಲ್ಲಿಂದ ಹೊರಟಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಅದರ ಹಿಂದೆ ಇದ್ದದ್ದು ಅವರು ಕಟ್ಟಿದ ರಿಲಯನ್ಸ್. 2016ರಲ್ಲಿ ಅದೇ ಸಂಸ್ಥೆಯ ಫೌಂಡೇಶನ್ ಶಾಲೆ, ಕಾಲೇಜುಗಳಿಗೆ ಪಂದ್ಯಾವಳಿ ಆರಂಭಿಸಿತು.

26
ಇಂಡಿಯನ್ ಸೂಪರ್ ಲೀಗಿನಲ್ಲಿ ಬೆಂಗಳೂರಿನ ತಂಡವಿದೆ, ಜಮ್‌ಶೆಡ್‌ಪುರದ ತಂಡವಿದೆ. ಗುಜರಾತಿನ ತಂಡ ಆಡಿಲ್ಲ.

27
ಒಂದು ಪಂದ್ಯದ ಮುನ್ನೋಟಕ್ಕೆ ಏನೇನು ಬೇಕು ಎಂದು ಪಟ್ಟಿ ಮಾಡಿದೆ. ಮೈದಾನ ಯಾವುದು, ಹುಲ್ಲೋ ಮಣ್ಣೋ. ಎಷ್ಟು ಹೊತ್ತಿಗೆ. ಬಿಸಿಲು ಯಾವ ಗೋಲಿನ ಕಣ್ಣಿಗೆ ಹೊಡೆಯುತ್ತದೆ. ಎರಡು ತಂಡಗಳ ಹಿಂದಿನ ಫಲಿತಾಂಶ. ಯಾರು ಗಾಯಗೊಂಡಿದ್ದಾರೆ, ಯಾರಿಗೆ ಪರೀಕ್ಷೆ ಇದೆ. ಒಬ್ಬ ಹುಡುಗನ ಹೆಸರು, ಅವನು ಏನು ಚೆನ್ನಾಗಿ ಮಾಡುತ್ತಾನೆ ಎಂಬುದು. ಇದರಲ್ಲಿ ಹಣ ಬೇಡುವಂಥದ್ದು ಒಂದೂ ಇಲ್ಲ. ಹೋಗಿ ನೋಡಬೇಕು, ಕೇಳಬೇಕು.

28
ಪಂದ್ಯ ಮುಗಿದ ಮೇಲೆ ಬರೆಯಲು ಸ್ಕೋರು ಗೊತ್ತಿದ್ದರೂ ನಡೆಯುತ್ತದೆ. ಮುಂಚೆ ಬರೆಯಬೇಕಾದರೆ ಆಡುವವರು ಗೊತ್ತಿರಬೇಕು.

29
ಅಮೆರಿಕದ ಮೂರನೆಯ ಡಿವಿಷನ್‌ನ ಪಟ್ಟಿಯಲ್ಲಿ ಆಟಗಾರನ ಹೆಸರಿನ ಮುಂದೆ ಅವನು ಯಾವ ವರ್ಷದಲ್ಲಿ ಓದುತ್ತಿದ್ದಾನೆ ಎಂದು ಇರುತ್ತದೆ. ಕೊನೆಯ ವರ್ಷದವರಲ್ಲಿ ಹೆಚ್ಚಿನವರಿಗೆ ನವೆಂಬರಿನ ಕೊನೆಯ ಪಂದ್ಯ ಜೀವನದ ಕೊನೆಯ ಪಂದ್ಯವೂ ಹೌದು. ಆಮೇಲೆ ಕೆಲಸ, ಬೇರೆ ಊರು. ಹಾಗಾಗಿ ಆ ವಾರದ ಮುನ್ನೋಟದಲ್ಲಿ ಅವರ ಹೆಸರುಗಳನ್ನು ತಪ್ಪದೆ ಬರೆಯುತ್ತಾರೆ.

30
ಅಹಮದಾಬಾದಿನ ಕಾಲೇಜು ತಂಡದ ಮೂರನೆಯ ವರ್ಷದ ಹುಡುಗನಿಗೂ ಹಾಗೆಯೇ. ಝೋನ್‌ನಲ್ಲಿ ಸೋತ ಸಂಜೆಗೆ ಅವನ ಫುಟ್‌ಬಾಲ್ ಮುಗಿಯಬಹುದು. ಆ ಪಂದ್ಯ ಇಂಥ ದಿನ, ಇಂಥ ಹೊತ್ತಿಗೆ, ಇವನು ಆಡುತ್ತಾನೆ ಎಂದು ಹಿಂದಿನ ದಿನ ಊರಿನ ಯಾವುದಾದರೂ ಪತ್ರಿಕೆ ಒಂದು ಸಾಲು ಹಾಕಬೇಕು. ಎಡಗಾಲಿನವನೋ ಬಲಗಾಲಿನವನೋ ಎಂಬುದನ್ನೂ ಸೇರಿಸಿದರೆ ಒಳ್ಳೆಯದು.