ಯದೃಚ್ಛೆಯ ಪರೀಕ್ಷೆ

ಕಳೆದ ಶ್ರಾವಣದ ಒಂದು ಸಂಜೆ ಮೊಮ್ಮಗಳು ನಾಣ್ಯವನ್ನು ನೂರು ಬಾರಿ ಚಿಮ್ಮಿ ಫಲಗಳನ್ನು ಬರೆದಿಟ್ಟಳು. ನಾನು ಚಿಮ್ಮದೆಯೇ ನೂರು ಫಲಗಳನ್ನು ಕಲ್ಪಿಸಿ ಬರೆದೆನು. ಮಗನು ಎರಡು ಹಾಳೆಗಳನ್ನೂ ನೋಡಿ ನನ್ನದನ್ನು ಒಡನೆಯೇ ಗುರುತಿಸಿದನು. ಎರಡು ಮುಖಗಳ ಎಣಿಕೆಯೇನೋ ಸರಿಸಮನಾಗಿತ್ತು. ಆದರೆ ಒಂದೇ ಮುಖವು ಸಾಲಾಗಿ ಐದು ಬಾರಿ ಎಲ್ಲಿಯೂ ಬಂದಿರಲಿಲ್ಲ. ನಿಜವಾದ ನಾಣ್ಯವು ನೂರರಲ್ಲಿ ಒಮ್ಮೆಯೂ ಹಾಗೆ ಬೀಳದಿರುವುದು ಬಲು ಅಪೂರ್ವ.

ಯಂತ್ರಗಳ ಕಥೆಯೂ ಇದೇ ಎಂದು ಅವನು ವಿವರಿಸಿದನು. 1960ರ ದಶಕದ ಗಣಕಯಂತ್ರಗಳಲ್ಲಿ ರಾಂಡು ಎಂಬ ಕ್ರಮವೊಂದು ಬಳಕೆಯಲ್ಲಿತ್ತು. ಹಿಂದಿನ ಸಂಖ್ಯೆಯನ್ನು 65539ರಿಂದ ಗುಣಿಸಿ, 2147483648ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಮುಂದಿನ ಸಂಖ್ಯೆ. ಒಂದೊಂದಾಗಿ ನೋಡಿದರೆ ಅವು ಸಮನಾಗಿ ಹರಡಿದಂತೆಯೇ ತೋರುವುವು. ಅನುಕ್ರಮವಾದ ಮೂರು ಮೂರನ್ನು ಸೇರಿಸಿ ಒಂದು ಘನದೊಳಗೆ ಬಿಂದುಗಳಾಗಿ ಗುರುತಿಸಿದರೋ, ಅವೆಲ್ಲವೂ ಕೇವಲ 15 ಸಮತಲಗಳ ಮೇಲೆ ಬಂದು ನಿಲ್ಲುವುವು! ಇಂತಹ ಗುಣಾಕಾರಕ್ರಮಗಳಿಗೆಲ್ಲ ಅಂಟಿದ ಈ ಬಗೆಯ ದೋಷವನ್ನು ಜಾರ್ಜ್ ಮಾರ್ಸಾಗ್ಲಿಯಾ 1968ರಲ್ಲಿ ತೋರಿಸಿಕೊಟ್ಟರು.

ಮೂವತ್ತು ವರ್ಷ ಉಪಾಧ್ಯಾಯನಾಗಿ, ಒಂದೇ ಪ್ರಶ್ನಪತ್ರಿಕೆಯಿಂದ ಹುಡುಗರನ್ನು ಅಳೆದು, ಇವನು ಇಷ್ಟೇ ಎಂದು ಷರಾ ಬರೆದವನು ನಾನು. ಪರೀಕ್ಷೆಯು ತಾನು ಕೇಳಿದುದನ್ನು ಮಾತ್ರ ಕಾಣಬಲ್ಲುದು. ತೇರ್ಗಡೆಯೆಂದರೆ ಈ ಪ್ರಶ್ನೆಗೆ ದೋಷವು ಕಾಣಲಿಲ್ಲವೆಂದಷ್ಟೇ ಅರ್ಥ. ಆ ಷರಾಗಳನ್ನು ಈಗ ತಿದ್ದುವಂತಿಲ್ಲ.