ಅಪ್ಪನ ಬುಲೆಟ್ಟಿನ ಸದ್ದು

ಅಪ್ಪನ ಹಳೇ ಕಾರ್ಬುರೇಟರ್ ಬುಲೆಟ್ಟಿಗೆ ಮೈಸೂರಿನಲ್ಲಿ ಹೊಸ ಕ್ಯಾಮ್ ಹಾಕಿಸಿದೆ. ಅದರ ಉಬ್ಬು ಹೆಚ್ಚು. ವಾಲ್ವ್‌ಗಳು ಇನ್ನಷ್ಟು ಎತ್ತರಕ್ಕೆ, ಇನ್ನಷ್ಟು ಹೊತ್ತು ತೆರೆದಿರುತ್ತವೆ. ನಂಜನಗೂಡು ದಾಟುವಾಗ ಗಾಡಿ ಹಾರಿತು.

ಗುಂಡ್ಲುಪೇಟೆ ಕಳೆದು ಬಂಡೀಪುರ ಹೊಕ್ಕರೆ ರಸ್ತೆಯಂಚಿನಲ್ಲೇ ಮರಿಯ ಜೊತೆ ಆನೆ. ನಿಧಾನಿಸಿದೆ. ಇಂಜಿನ್ ತಡವರಿಸಿ ನಿಂತೇಹೋಯಿತು. ಕಿಕ್ ಹೊಡೆಯಲು ಧೈರ್ಯ ಬರಲಿಲ್ಲ. ಸೊಪ್ಪು ಮುರಿಯುವ ಸದ್ದು, ನನ್ನ ಎದೆಯ ಸದ್ದು, ಎರಡೇ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡದ ದಾರಿಯದು; ಹಗಲಲ್ಲೂ ಅದು ನಮ್ಮದಲ್ಲ ಅನ್ನಿಸಿತು. ಅವು ತಾವಾಗಿ ಸರಿದು ಹೋದವು.

ಅಪ್ಪ ಬೈಯಲಿಲ್ಲ. "ಜೋರು ಓಟಕ್ಕೆ ಕೊಟ್ಟದ್ದನ್ನ ನಿಧಾನದ ಎಳೆತದಿಂದ ಕಿತ್ಕೊಂಡಿದೆ ಕಣಪ್ಪ" ಅಂದರು. ಹಳೇ ಕ್ಯಾಮ್‌ಗಳನ್ನು ಒರೆಸಿ, ಚುಕ್ಕೆಗೆ ಚುಕ್ಕೆ ಕೂಡಿಸಿ ಕೂರಿಸಿದರು.

ಗಾಡಿಗೆ ಈಗ ಆ ಹಾರಾಟವಿಲ್ಲ. ಕಾಡಿನ ದಾರಿಯಲ್ಲಿ ನಡಿಗೆಯ ವೇಗದಲ್ಲೂ ನಿಲ್ಲದೆ ದುಡುದುಡು ಅನ್ನುತ್ತದೆ.