ಗಂಜಿಯ ಹೆಸರಿನ ಉಪವಾಸ

2022ರ ಶ್ರಾವಣದ ಒಂದು ಬೆಳಗ್ಗೆ ನಮ್ಮ ಅತ್ತೆಯವರು ಪೂಜೆ ಮುಗಿಸಿ ಏಳುವಾಗ ಅವರ ಎಡಗೈಯ ಎರಡು ಗಾಜಿನ ಬಳೆಗಳು ತಾವಾಗಿಯೇ ಜಾರಿ, ನೆಲಕ್ಕೆ ಬಿದ್ದು ಒಡೆದವು. ಅವರಿಗೆ ಅದು ಅಪಶಕುನವೆಂದು ತೋರಿತು. ನನ್ನ ಕಣ್ಣು ಮಾತ್ರ ಅವರ ಮುಂಗೈಯ ಮೇಲೆಯೇ ನಿಂತಿತು. ಸಾಬೂನು ಹಚ್ಚದೆ ಕೈಯಿಂದ ಹೊರಬಾರದಿದ್ದ ಅದೇ ಅಳತೆಯ ಬಳೆಗಳವು.

ಅದಕ್ಕೆ ಎರಡು ತಿಂಗಳ ಹಿಂದೆ ಒಂದು ರಾತ್ರಿ ಅವರು ಬೋಗುಣಿ ತುಂಬ ರಕ್ತ ವಾಂತಿ ಮಾಡಿಕೊಂಡಿದ್ದರು. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಅದು ಯಕೃತ್ತಿನ ಸಿರೋಸಿಸ್ ಎಂದು ತಿಳಿಯಿತು. ಸುದ್ದಿ ಕೇಳಿದ ಕೆಲವರು ಮುಖ ಮುಖ ನೋಡಿಕೊಂಡರು. ಮದ್ಯದ ವಾಸನೆಯನ್ನೂ ಕಾಣದ ಹೆಣ್ಣುಮಗಳಿಗೆ ಈ ರೋಗವೇ ಎಂಬುದು ಅವರ ಸಂದೇಹ. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ, ಅದರ ಜೊತೆಗೆ ಯಕೃತ್ತಿನಲ್ಲಿ ಸೇರಿದ ಕೊಬ್ಬು, ಇವೆರಡೇ ಸಾಕು ಎಂದರು ವೈದ್ಯರು. ಗಡುಸಾದ ಯಕೃತ್ತಿನೊಳಗೆ ರಕ್ತ ಸರಾಗವಾಗಿ ಹರಿಯದೆ ಬೇರೆ ದಾರಿ ಹುಡುಕುತ್ತದೆ. ಅನ್ನನಾಳದ ಕೆಳತುದಿಯ ನಾಳಗಳು ಉಬ್ಬಿ, ಒಂದು ದಿನ ಒಡೆಯುತ್ತವೆ. ಬಾಯಿಯ ಮೂಲಕ ಎಂಡೋಸ್ಕೋಪಿನ ಕೊಳವೆ ಇಳಿಸಿ, ಉಬ್ಬಿದ ನಾಳಗಳಿಗೆ ಚಿಕ್ಕ ರಬ್ಬರ್ ಉಂಗುರ ತೊಡಿಸಿ ಬಿಗಿದರು. 1980ರ ದಶಕದಲ್ಲಿ ಅಮೆರಿಕದ ಡೆನ್ವರ್ ನಗರದ ಸ್ಟೀಗ್‌ಮನ್ ಎಂಬ ಶಸ್ತ್ರವೈದ್ಯರು ಬಳಕೆಗೆ ತಂದ ಉಪಾಯವಿದು. ನಮ್ಮ ಅತ್ತೆಯವರ ಪ್ರಾಣ ಉಳಿದದ್ದು ಇದರಿಂದಲೇ.

ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ 'ಮೆತ್ತನೆಯ, ಲಘು ಆಹಾರ' ಎಂದಷ್ಟೇ ಇತ್ತು. ಎಷ್ಟು ದಿನ ಎಂದು ಬರೆದಿರಲಿಲ್ಲ, ನಾವೂ ಕೇಳಲಿಲ್ಲ. ನನ್ನ ಮನಸ್ಸಿನಲ್ಲಿ ಆ ರಕ್ತದ ಬೋಗುಣಿಯೇ ಕೂತಿತ್ತು. ಒಂದು ಅಗುಳು ಗಟ್ಟಿಯಾಗಿ ಇಳಿದರೂ ಉಂಗುರ ಕಿತ್ತುಹೋದೀತೆಂಬ ಭೀತಿ. ಅಕ್ಕಿಯ ಗಂಜಿ, ಸೋಸಿದ ತಿಳಿಸಾರು, ನೀರು ಮಜ್ಜಿಗೆ, ಎಲ್ಲವೂ ಉಪ್ಪಿಲ್ಲದೆ. ಬೇಳೆ ತಿಂದರೆ ರೋಗ ತಲೆಗೇರುತ್ತದೆಂದು ಬಂಧುವೊಬ್ಬರು ಹೇಳಿದ್ದರಿಂದ ಬೇಳೆಯೂ ಬಂದ್. ಎರಡು ತಿಂಗಳು ನಾನು ಇದನ್ನೇ ಶ್ರದ್ಧೆಯಿಂದ ಮಾಡಿದೆ. ಸೇವೆಯೆಂದೇ ತಿಳಿದಿದ್ದೆ.

ಬಳೆ ಒಡೆದ ವಾರ ತಪಾಸಣೆಗೆ ಹೋದಾಗ ಅಲ್ಲಿಯ ಆಹಾರ ತಜ್ಞೆಯೊಬ್ಬರು ಅತ್ತೆಯವರ ತೋಳನ್ನು ಟೇಪಿನಿಂದ ಅಳೆದರು. "ತೂಕ ಇಳಿದಿಲ್ಲವಲ್ಲ" ಎಂದೆ ನಾನು. ಅವರು ಹೊಟ್ಟೆಯನ್ನು ತೋರಿಸಿ, "ಇದು ನೀರಿನ ತೂಕ. ಒಳಗೆ ಮಾಂಸಖಂಡ ಕರಗಿದೆ. ಅಮ್ಮಾ, ನೀವು ಇವರನ್ನು ಉಪವಾಸ ಇಟ್ಟಿದ್ದೀರಿ" ಎಂದರು. ಆ ಮಾತು ಕೇಳಿ ನನಗೆ ಕುಳಿತಲ್ಲಿಂದ ಏಳಲಾಗಲಿಲ್ಲ.

ಅವರು ತಾಳ್ಮೆಯಿಂದ ವಿವರಿಸಿದರು. ಉಂಗುರಗಳು ಕೆಲವೇ ದಿನಗಳಲ್ಲಿ ತಾವಾಗಿಯೇ ಕಳಚಿ ಬೀಳುತ್ತವೆ. ಅಲ್ಲೊಂದು ಚಿಕ್ಕ ಹುಣ್ಣು ಉಳಿದು ಎರಡು ಮೂರು ವಾರಗಳಲ್ಲಿ ಮಾಯುತ್ತದೆ. ಮೊದಲ ದಿನ ಆರಿದ ದ್ರವ, ಮುಂದೆ ಕೆಲವು ದಿನ ಮೆತ್ತನೆಯ ಅನ್ನ, ಹುಣ್ಣು ಮಾಯುವವರೆಗೆ ಕಡಕ್ ರೊಟ್ಟಿ, ಖಾರ, ಸುಡುವ ಪದಾರ್ಥ ಬೇಡ. ಮೆತ್ತಗಿರಬೇಕು ಎಂಬುದಕ್ಕೆ ಸಾರವಿಲ್ಲದಿರಬೇಕು ಎಂಬ ಅರ್ಥವಿಲ್ಲ. ಹೆಸರುಬೇಳೆ ಹಾಕಿದ ಮೆತ್ತನೆಯ ಅನ್ನ, ಮೊಸರು, ಹಾಲಿನ ಗೋಧಿ ನುಚ್ಚು, ನುರಿದ ಪನ್ನೀರು, ಪುಟಾಣಿ ಹಿಟ್ಟು, ಇವೆಲ್ಲ ಆಗಲೂ ನಡೆಯುತ್ತಿದ್ದವು.

ಲೆಕ್ಕ ಹಾಕಿದೆವು. ಇಂಥ ರೋಗಿಗೆ ನೀರಿನ ಭಾರ ಕಳೆದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಪ್ರೊಟೀನು ಬೇಕಂತೆ. ಐವತ್ತು ಕಿಲೋ ಎಂದರೆ 60ರಿಂದ 75 ಗ್ರಾಂ. ನಾನು ಕೊಡುತ್ತಿದ್ದುದರಲ್ಲಿ 20 ಗ್ರಾಂ ಕೂಡ ಇರಲಿಲ್ಲ. ಒಂದು ಲೋಟ ಹಾಲಿನಲ್ಲಿಯೇ ಆರೇಳು ಗ್ರಾಂ ಇರುತ್ತದೆ. ಬೇಳೆಯಿಂದ ತಲೆಗೇರುವ ಮಾತು ಹಳೆಯ ವೈದ್ಯಕೀಯದ್ದು. ಸಿರೋಸಿಸ್‌ನಲ್ಲಿ ಬುದ್ಧಿ ಮಂಕಾಗುವುದಕ್ಕೆ ಅಮೋನಿಯಾ ಮುಖ್ಯ ಕಾರಣವೆಂದು ಹಿಂದೆ ಪ್ರೊಟೀನನ್ನೇ ಕಡಿಮೆ ಮಾಡುತ್ತಿದ್ದರು. ಬಾರ್ಸಿಲೋನಾದ ವೈದ್ಯರು 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಥ ರೋಗಿಗಳಿಗೂ ಪ್ರೊಟೀನು ಕಡಿತದಿಂದ ಲಾಭ ಕಾಣಲಿಲ್ಲ. ಆ ಅಮೋನಿಯಾವನ್ನು ಸ್ವಲ್ಪಮಟ್ಟಿಗೆ ಹೀರಿ ತೆಗೆಯುವುದು ಮಾಂಸಖಂಡವೇ. ನಾನು ಕರಗಿಸುತ್ತಿದ್ದುದು ಅದನ್ನೇ. ಮಲಬದ್ಧತೆಗೆ ಎಡೆಗೊಡಬಾರದು, ಹಾಲು ಮತ್ತು ಬೇಳೆಕಾಳಿನ ಪ್ರೊಟೀನು ಇವರಿಗೆ ಚೆನ್ನಾಗಿ ಒಗ್ಗುತ್ತದೆ ಎಂದೂ ಹೇಳಿದರು. ನಮ್ಮ ಸಸ್ಯಾಹಾರದ ಅಡುಗೆಮನೆಯಲ್ಲಿ ಎಲ್ಲವೂ ಇತ್ತು. ಕೊಡುವ ಧೈರ್ಯವೊಂದು ಇರಲಿಲ್ಲ.

ಎಲ್ಲಕ್ಕಿಂತ ನನ್ನನ್ನು ತಟ್ಟಿದ್ದು ರಾತ್ರಿಯ ವಿಷಯ. ಆರೋಗ್ಯವಂತ ಯಕೃತ್ತು ರಾತ್ರಿಗೆಂದು ಸಕ್ಕರೆಯ ಸಂಗ್ರಹ ಇಟ್ಟುಕೊಂಡಿರುತ್ತದೆ. ಗಡುಸಾದ ಯಕೃತ್ತಿಗೆ ಆ ಕಣಜವಿಲ್ಲ. ಬೆಳಗಾಗುವುದರೊಳಗೆ ದೇಹ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸಿ ದಿನ ದೂಡುತ್ತದೆ. ಇಂಥವರ ಒಂದು ರಾತ್ರಿಯ ಉಪವಾಸ ನಮ್ಮ ನಿಮ್ಮಂಥವರ ಎರಡು ಮೂರು ದಿನಗಳ ಉಪವಾಸಕ್ಕೆ ಸಮ. ಅತ್ತೆಯವರು ಸಂಜೆ ಏಳಕ್ಕೆ ಉಂಡರೆ, ಮರುದಿನ ಒಂಬತ್ತೂವರೆಗೆ ಲಿಂಗಪೂಜೆ ಮುಗಿಯುವವರೆಗೆ ಬಾಯಿಗೆ ಏನನ್ನೂ ಹಾಕುತ್ತಿರಲಿಲ್ಲ. ಹದಿನಾಲ್ಕೂವರೆ ತಾಸು! ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ ರಾತ್ರಿ ಮಲಗುವ ಮುನ್ನ ಪೌಷ್ಟಿಕ ಪೇಯ ಕೊಟ್ಟ ಸಿರೋಸಿಸ್ ರೋಗಿಗಳ ದೇಹದಲ್ಲಿ ಒಂದು ವರ್ಷದಲ್ಲಿ ಪ್ರೊಟೀನು ಹೆಚ್ಚಿತೆಂದೂ, ಅದನ್ನೇ ಹಗಲು ಕೊಟ್ಟವರಲ್ಲಿ ಹಾಗಾಗಲಿಲ್ಲವೆಂದೂ 2008ರಲ್ಲಿ ವರದಿಯಾಗಿದೆ.

ಹೇಳಿಕೊಳ್ಳಲು ಸುಲಭ, ಉಣಿಸುವುದು ಕಷ್ಟ. "ರಾತ್ರಿ ಹತ್ತಕ್ಕ ಯಾರರ ಉಣ್ತಾರೇನವಾ?" ಎಂದರು ಅತ್ತೆಯವರು. ಪೂಜೆಯನ್ನು ಬಿಡಿ ಎಂದು ಹೇಳುವ ಬಾಯಿ ನನಗಿಲ್ಲ. ಕಡೆಗೆ ಮಾವನವರೇ ದಾರಿ ಹುಡುಕಿದರು. ಪೂಜೆ ಬೆಳಗಿನ ಆರಕ್ಕೆ ಸರಿಯಿತು. ರಾತ್ರಿ ಹತ್ತಕ್ಕೆ ಮಾವನವರು ತಾವೂ ಒಂದು ಬಟ್ಟಲು ಹಾಲು ನುಚ್ಚು ಹಿಡಿದು ಅವರೆದುರು ಕೂರತೊಡಗಿದರು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್‌ಗಳನ್ನು ವೈದ್ಯರು ಅದಕ್ಕೆ ಹೊಂದಿಸಿಕೊಟ್ಟರು.

ಉಪ್ಪಿನ ಬಗ್ಗೆ ಒಂದು ಮಾತು. ಹೊಟ್ಟೆಯಲ್ಲಿ ನೀರಿದ್ದವರಿಗೆ ಹಿತಮಿತ ಬೇಕು, ದಿನಕ್ಕೆ ಒಂದು ಚಹಾ ಚಮಚೆ, ಅಂದರೆ ಸುಮಾರು 5 ಗ್ರಾಂ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ದೂರ. ಆದರೆ ಉಪ್ಪೇ ಇಲ್ಲದ ಅನ್ನವನ್ನು ಅವರು ಅರ್ಧಕ್ಕೇ ಸರಿಸಿಬಿಡುತ್ತಿದ್ದರು. ಚಿಟಿಕೆ ಉಪ್ಪು, ಜೀರಿಗೆ, ಕೊತ್ತಂಬರಿ ಬಿದ್ದ ಮೇಲೆ ತಟ್ಟೆ ಖಾಲಿಯಾಗತೊಡಗಿತು.

ಆಮೇಲೆ ಇನ್ನೂ ಎರಡು ಸಲ ಉಂಗುರ ಹಾಕಿಸಿದೆವು. ಪ್ರತಿ ಸಲವೂ ಮೂರನೆಯ ದಿನಕ್ಕೇ ಬೇಳೆ ಅನ್ನ ಬಡಿಸಿದೆ. ಮೊದಲ ತುತ್ತು ಇಳಿಯುವವರೆಗೆ ನನ್ನ ಉಸಿರು ನಿಂತಂತಾಗುತ್ತಿತ್ತು ಎಂಬುದು ಬೇರೆ ಮಾತು. ರೋಗ ಹೋಗಿಲ್ಲ. ಅತ್ತೆಯವರು ಈಗ ಮೆಟ್ಟಿಲನ್ನು ಕೈಹಿಡಿಯದೆ ಇಳಿಯುತ್ತಾರೆ, ರೊಟ್ಟಿ ಬಡಿಯುವ ನನ್ನ ಕೈಯಲ್ಲಿ ತಪ್ಪು ಹುಡುಕುತ್ತಾರೆ.

ಮುಂದಿನ ಜಾತ್ರೆಯಲ್ಲಿ ಬಳೆಗಾರನ ಮುಂದೆ ಕೂತಾಗ ಅವನು ಒಂದು ಅಳತೆ ಚಿಕ್ಕ ಬಳೆಗಳನ್ನು ಕೊಟ್ಟ. ಅವನು ಅವನ್ನು ಬಲವಾಗಿ ಒತ್ತಿ ಏರಿಸಬೇಕಾಯಿತು. "ಸಾವಕಾಶೋ ಮಾರಾಯಾ, ನೋಯ್ತೈತಿ" ಎಂದರು ಅತ್ತೆಯವರು.